ಸುಳ್ಳಿಗೆ ಕಟ್ಟಿದ ಗಂಟು

ಆಟೋ ಎದುರು ಮನೆಯ ಮುಂದೆ ನಿಂತಾಗ ಹನುಮಂತಮ್ಮನ ಕೈಯಲ್ಲಿದ್ದ ಕತ್ತಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಹಾಗೇ ನಿಂತುಬಿಟ್ಟಿತು. ಆಟೋದಿಂದ ಮೊದಲು ಇಳಿದದ್ದು ಕಪ್ಪು ಟ್ರಂಕು. ಬಿಳಿ ಬಣ್ಣದಲ್ಲಿ ನಂಬರು ಬರೆದ ಅಂಥದೇ ಟ್ರಂಕು ಅವಳ ಮಗನ ಹತ್ತಿರವೂ ಇತ್ತು. ಮಗನೇ ಬಂದನೇನೋ ಎಂದು ಅವಳು ಅರ್ಧ ಎದ್ದಳು. ಟ್ರಂಕಿನ ಹಿಂದೆ ಇಳಿದವನು ಮುನಿರತ್ನಮ್ಮನ ಮಗ ಬೋರಲಿಂಗ.

ಬೈರಾಪಟ್ಟಣದ ಆ ಬೀದಿಯಿಂದ ಮಿಲಿಟರಿಗೆ ಹೋದವರು ಇಬ್ಬರೇ, ಎದುರುಬದುರು ಮನೆಯ ಮಕ್ಕಳು. ಚನ್ನಪಟ್ಟಣದ ರಸ್ತೆಯಲ್ಲಿ ಬೆಳಗಿನ ಜಾವ ಒಟ್ಟಿಗೇ ಓಡಿ ಮೈ ಹುರಿ ಮಾಡಿಕೊಂಡವರು, ಒಂದೇ ದಿನ ಸೆಲೆಕ್ಟಾದವರು, ಈಗ ಒಂದೇ ಬೆಟಾಲಿಯನ್ನಿನಲ್ಲಿ ಮಂಜು ಬೀಳುವ ಗಡಿಯಲ್ಲಿ ಇದ್ದವರು. ಹನುಮಂತಮ್ಮನ ಮಗನ ಹೆಸರು ಕಬ್ಬಾಳೇಗೌಡ. ಮೂರು ಮಕ್ಕಳು ಉಳಿಯದೆ ಹೋದಮೇಲೆ ಕಬ್ಬಾಳಮ್ಮನಿಗೆ ಹರಕೆ ಹೊತ್ತು ಹಡೆದವನು. ಮನೆಯಲ್ಲಿ ಬರೀ ಕಬ್ಬಾಳ. ಅವನು ಊರಿಗೆ ಬಂದು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಕೇಳಿದಾಗಲೆಲ್ಲ "ರಜ ಸಿಗ್ತಿಲ್ಲ ಕಣವ್ವ, ಸಿಕ್ಕಿದ ತಕ್ಷಣ ಬತ್ತೀನಿ" ಅನ್ನುತ್ತಿದ್ದ. ಬೋರಲಿಂಗ ಯುಗಾದಿಗೆ ಬಂದು ಹೋಗಿದ್ದವನು, ಈಗ ಮತ್ತೆ ಬಂದಿದ್ದಾನೆ. ಯಾವ ಹಬ್ಬವೂ ಇಲ್ಲ, ಮದುವೆಯೂ ಇಲ್ಲ.

"ಇವನಿಗೆ ಹೆಂಗೆ ಸಿಕ್ತು?" ಎಂದು ಅವಳು ಸೊಪ್ಪನ್ನು ಕೇಳುವಂತೆ ಕೇಳಿಕೊಂಡಳು.

ಗಂಡ ಲಿಂಗಯ್ಯ ಒಳಗೆ ತಟ್ಟೆಗಳಲ್ಲಿದ್ದ ರೇಷ್ಮೆ ಹುಳುಗಳಿಗೆ ಸೊಪ್ಪು ಹರಡುತ್ತಿದ್ದ. "ಸಿಕ್ತು, ಬಂದ. ನೀನು ಸೊಪ್ಪು ಕೊಡು, ಹುಳ ಕಾಯ್ತಾವೆ" ಎಂದ. ಲಿಂಗಯ್ಯನ ಮಾತು ಯಾವತ್ತೂ ಅಷ್ಟೇ ಉದ್ದ.

ಆವತ್ತಿನಿಂದ ಹನುಮಂತಮ್ಮನ ಕಿವಿ ಎದುರು ಮನೆಯಲ್ಲೇ ಬಿತ್ತು. ಬೆಳಿಗ್ಗೆ ಮುದ್ದೆ ತೊಳಸುವ ಸದ್ದು ಕೇಳಿದರೆ ಅದು ಮಗನಿಗೆ. ಮಧ್ಯಾಹ್ನ ಕೋಳಿ ಕೂಗಿ ಸುಮ್ಮನಾದರೆ ಅದೂ ಮಗನಿಗೆ. ಒಗ್ಗರಣೆಯ ವಾಸನೆ ಬೀದಿ ದಾಟಿ ಬಂದರೆ ಅವಳು ಎದ್ದು ಹುಳುಮನೆಯ ಬಾಗಿಲು ಎಳೆದುಕೊಳ್ಳುತ್ತಿದ್ದಳು, ಹುಳಕ್ಕೆ ಒಗ್ಗರಣೆ ಘಾಟು ಆಗುವುದಿಲ್ಲ ಎಂಬ ನೆಪ ಹೇಳಿಕೊಂಡು. ಎಲ್ಲಕ್ಕಿಂತ ಅವಳಿಗೆ ತಡೆಯಲಾಗದೆ ಹೋದದ್ದು ಮುನಿರತ್ನಮ್ಮನ ಕೂಗು. ಅರ್ಧ ಗಂಟೆಗೊಮ್ಮೆ ಆ ಹೆಂಗಸು ಬೀದಿಗೆಲ್ಲ ಕೇಳುವಂತೆ "ಬೋರಲಿಂಗಾ... ಲೋ ಬೋರಲಿಂಗಾ" ಎಂದು ಕೂಗುತ್ತಿದ್ದಳು. ಅವನು ಹಿತ್ತಿಲಿಂದಲೋ ಅಟ್ಟದಿಂದಲೋ "ಓ" ಅನ್ನುತ್ತಿದ್ದ. ಅಷ್ಟೇ. ಕೂಗಿ ಕೆಲಸ ಹೇಳುತ್ತಿದ್ದಳೋ ಎಂದರೆ ಅದೂ ಇಲ್ಲ. ಬರೀ ಕೂಗುವುದು, ಅವನು ಓಗೊಡುವುದು.

"ಕೇಳಿಸ್ಲಿ ಅಂತ್ಲೇ ಕೂಗ್ತಾಳೆ" ಎಂದಳು ಹನುಮಂತಮ್ಮ ಪಕ್ಕದ ಜಗಲಿಯ ದೊಡ್ಡಲಕ್ಷ್ಮಮ್ಮನಿಗೆ. "ಊರಲ್ಲಿ ಇನ್ಯಾರೂ ಮಗನ್ನ ಹೆತ್ತೇ ಇಲ್ವೇನೋ."

ದೊಡ್ಡಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತ ನಕ್ಕಳು. ಆ ಬೀದಿಯ ಸುದ್ದಿಯೆಲ್ಲ ಮೊದಲು ಅವಳ ಮೊರಕ್ಕೆ ಬಿದ್ದು ಆಮೇಲೆ ಊರಿಗೆ ಹೋಗುವುದು. "ನಿನ್ ಮಗ ಬಂದಾಗ ನೀನೂ ಕೂಗೀಯಂತೆ ಬುಡೇ" ಎಂದಳು.

ನಾಲ್ಕನೇ ದಿನ ಮುನಿರತ್ನಮ್ಮ ತಟ್ಟೆಯಲ್ಲಿ ಕಜ್ಜಾಯ ಇಟ್ಟುಕೊಂಡು ಬಂದಳು. ಹುಳುಮನೆಯ ಹೊಸಲಲ್ಲಿ ಸುಣ್ಣದ ಪುಡಿ ಹಾಕಿದ್ದ ಗೋಣಿತಟ್ಟನ್ನು ತುಳಿದು, ಒಳಕ್ಕೆ ಬಾರದೆ ಅಲ್ಲೇ ನಿಂತಳು. ಬೇರೆಯವರ ಹುಳುಮನೆಗೆ ಸುಮ್ಮನೆ ನುಗ್ಗಬಾರದೆಂದು ಆ ಊರಲ್ಲಿ ಎಲ್ಲರಿಗೂ ಗೊತ್ತು.

"ಎಷ್ಟು ದಿನ ರಜ?" ಎಂದಳು ಹನುಮಂತಮ್ಮ, ಕಜ್ಜಾಯ ಮುಟ್ಟದೆ.

"ಎರಡು ತಿಂಗಳು ಕಣಕ್ಕ."

"ಎರಡು ತಿಂಗ್ಳಾ! ನಮ್ಮೋನಿಗೆ ಎರಡು ದಿನ ಕೊಡಾಕೆ ಅಳ್ತಾರೆ."

ಮುನಿರತ್ನಮ್ಮ ಸೆರಗಿನ ತುದಿ ತಿರುವಿದಳು. "ಅದೇನೋ ಡಾಕ್ಟ್ರು ಕಾಗದ ಕೊಟ್ಟು ಪ್ರಶ್ನೆ ಕೇಳಿದ್ರಂತೆ. ಇವ್ನು ಸರಿಯಾಗಿ ಉತ್ತರ ಬರೆದ್ನಂತೆ. ಮೆಚ್ಚಿ ರಜ ಕೊಟ್ಟು ಕಳಿಸವ್ರೆ."

"ಉತ್ತರ ಬರೆದ್ರೆ ರಜ ಕೊಡ್ತಾರಾ?"

"ಕೊಟ್ಟವ್ರಲ್ಲ." ಮುನಿರತ್ನಮ್ಮ ತಿರುಗಿ ಬೀದಿಯ ಆಚೆ ನೋಡಿ "ಬೋರಲಿಂಗಾ" ಎಂದು ಕೂಗಿದಳು. ಆ ಕಡೆಯಿಂದ "ಓ" ಬಂತು. ಅವಳು ನಗುತ್ತ ಹೊರಟುಹೋದಳು. ಹನುಮಂತಮ್ಮನ ಹೊಟ್ಟೆಯಲ್ಲಿ ಯಾರೋ ಹಸಿಮೆಣಸಿನಕಾಯಿ ಅರೆದಂತಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಕಬ್ಬಾಳ ಫಸ್ಟ್ ಕ್ಲಾಸು. ಬೋರಲಿಂಗ ಲೆಕ್ಕದಲ್ಲಿ ಎರಡು ಸಲ ಫೇಲಾದವನು. ಅಂಥವನು ಉತ್ತರ ಬರೆದು ರಜ ಗಿಟ್ಟಿಸಿಕೊಂಡು ಬಂದು ಕಜ್ಜಾಯ ತಿನ್ನುವುದೇ? ಆ ಕಜ್ಜಾಯವನ್ನು ಅವಳು ಲಿಂಗಯ್ಯನಿಗೆ ಕೊಟ್ಟಳು. "ಚೆನ್ನಾಗೈತೆ" ಎಂದು ಅವನು ಎರಡೂ ತಿಂದದ್ದಕ್ಕೆ ಅವನ ಮೇಲೂ ಸಿಟ್ಟು ಬಂತು.

ಮಾರನೆಯ ದಿನ ಅವಳು ಬೋರಲಿಂಗನನ್ನೇ ಹಿಡಿದಳು. ಕೆರೆ ಏರಿಯ ಹೊಂಗೆಮರದ ಕೆಳಗೆ ಅವನು ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಕುಡುಗೋಲು ಇತ್ತು, ಹುಲ್ಲು ಒಂದು ಹಿಡಿಯೂ ಕೊಯ್ದಿರಲಿಲ್ಲ.

"ಏನ್ಲಾ, ಮಿಲಿಟ್ರಿ ದಣಿ. ಅದೇನು ಪ್ರಶ್ನೆ ಕೇಳಿದ್ರಂತೆ, ಒಸಿ ನಂಗೂ ಹೇಳು."

ಅವನು ತಲೆ ಎತ್ತಿದ. ಕಣ್ಣ ಕೆಳಗೆ ಕಪ್ಪಾಗಿತ್ತು. ಹನುಮಂತಮ್ಮ ಅದನ್ನು ಕಂಡಳು. ಬಿಸಿಲಿಗೆ ಆಗಿರಬೇಕು ಅಂದುಕೊಂಡಳು.

"ಅದ್ಯಾಕೆ ದೊಡ್ಡವ್ವ ನಿಮ್ಗೆ?"

"ಹೇಳ್ಲಾ ಅಂದ್ರೆ. ನಿಮ್ಮವ್ವ ಹೇಳವ್ಳೆ, ಎಲ್ಲಾ ಗೊತ್ತು ನಂಗೆ."

"ಅವ್ವ ಹೇಳಿದ್ಲಾ?" ಅವನು ಬೆರಗಾದ. ಹುಲ್ಲಿನ ಕಡ್ಡಿ ಮುರಿಯುತ್ತ ಒಂದೊಂದಾಗಿ ಹೇಳಿದ. ಏಳು ಪ್ರಶ್ನೆ. ಹಿಂದಿಯಲ್ಲಿದ್ದವನ್ನು ಅವನೇ ಕನ್ನಡ ಮಾಡಿದ. ರಾತ್ರಿ ನಿದ್ದೆ ಕೆಡ್ತದಾ. ಊಟ ಬೇಡ ಅನ್ನಿಸ್ತದಾ. ಮುಂಚೆ ಇಷ್ಟ ಇದ್ದ ಕೆಲಸ ಈಗ ಸಾಕು ಅನ್ನಿಸ್ತದಾ. ಸಣ್ಣದಕ್ಕೂ ಸಿಟ್ಟು ಬರ್ತದಾ. ನಾನು ಎಲ್ರಿಗೂ ಭಾರ ಅನ್ನಿಸ್ತದಾ. ಮನಸ್ಸಿಗೆ ಸಂಕಟ ಆದ್ರೆ ಯಾರಿಗೆ ಹೇಳ್ತೀಯ, ಹೆಸರು ಬರಿ.

"ಏಳನೇದು?"

"ಸಾಯ್ಬೇಕು ಅನ್ಸೈತಾ ಅಂತ."

"ಬಿಡ್ತು ಅನ್ನು!" ಎಂದು ಹನುಮಂತಮ್ಮ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಅಂಥದ್ದನ್ನೆಲ್ಲ ಕೇಳ್ತಾರಾ? ಓದಿದ ಡಾಕ್ಟ್ರಾ ಅವ್ರು?"

"ಎಲ್ರಿಗೂ ಕೇಳ್ತಾರೆ. ಎಲ್ಲಾ 'ಇಲ್ಲ' ಅಂತ ಟಿಕ್ ಹಾಕಿದ್ರೆ ಯಾರೂ ಏನೂ ಅನ್ನಲ್ಲ. ಪಾಸು."

"ನೀನೇನು ಹಾಕಿದೆ?"

"ನಾನು 'ಹೌದು' ಅಂತ ಹಾಕ್ದೆ" ಎಂದ ಬೋರಲಿಂಗ, ಕೆರೆ ನೋಡುತ್ತ. ದೂರದಲ್ಲಿ ಅವರವ್ವ ಕೂಗಿದಳು. ಅವನು "ಓ" ಎಂದು ಎದ್ದು ಕುಡುಗೋಲು ಅಲ್ಲೇ ಮರೆತು ಹೊರಟ.

ಹನುಮಂತಮ್ಮನಿಗೆ ಬೇಕಾದ್ದು ಸಿಕ್ಕಿತ್ತು. 'ಹೌದು' ಅಂದರೆ ರಜ, 'ಇಲ್ಲ' ಅಂದರೆ ಮಂಜಿನಲ್ಲಿ ಕಾವಲು. ನನ್ನ ಮಗ ನಿಯತ್ತಿನವನು, ಎಲ್ಲಕ್ಕೂ 'ಇಲ್ಲ' ಅಂತ ಬರೆದಿರುತ್ತಾನೆ, ಅದಕ್ಕೇ ಅಲ್ಲೇ ಕೊಳೆಯುತ್ತಿದ್ದಾನೆ. ಏಳನೇ ಕ್ಲಾಸಿನವರೆಗೆ ಓದಿದ್ದ ಅವಳು ಮನೆಗೆ ಬಂದು, ಹುಳು ಜ್ವರಕ್ಕೆ ಕೂರುವ ದಿನಗಳನ್ನು ಗುರುತು ಮಾಡುವ ಕ್ಯಾಲೆಂಡರಿನ ಹಿಂಬದಿಯಲ್ಲಿ ಏಳೂ ಪ್ರಶ್ನೆಗಳನ್ನು ಬರೆದಿಟ್ಟಳು. ರೇಷ್ಮೆ ಹುಳು ಪೊರೆ ಬಿಡುವ ಮೊದಲು ತಿನ್ನುವುದು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೇ ಜ್ವರ ಅನ್ನುವುದು. ಯಾವ ಹುಳು ಜ್ವರಕ್ಕೆ ಕೂತಿದೆ, ಯಾವುದು ರೋಗಕ್ಕೆ ಕೂತಿದೆ ಎಂದು ಬಾಗಿಲಲ್ಲಿ ನಿಂತೇ ಹೇಳುವಷ್ಟು ಅವಳ ಕಣ್ಣು ಪಳಗಿತ್ತು. ಹನ್ನೆರಡು ತಟ್ಟೆಯಲ್ಲಿ ಒಂದು ಹುಳು ಬಣ್ಣ ಕೆಟ್ಟರೂ ಅವಳಿಗೆ ಕಾಣುತ್ತಿತ್ತು.

ಭಾನುವಾರ ಫೋನು ಬಂತು.

"ಕೇಳ್ಲಾ ಮಗ. ಆ ಡಾಕ್ಟ್ರು ಕಾಗದ ಮತ್ತೆ ಯಾವಾಗ ಕೊಡ್ತಾರೆ?"

"ಯಾವ ಕಾಗ್ದ?"

"ಪ್ರಶ್ನೆ ಕಾಗ್ದ ಕಣ್ಲಾ. ಬೋರಲಿಂಗ ಎಲ್ಲಾ ಹೇಳವ್ನೆ."

ಆ ಕಡೆ ಗಾಳಿಯ ಸದ್ದು ಮಾತ್ರ ಕೇಳಿಸಿತು. "ಮುಂದಿನ ವಾರ ಕೊಡ್ತಾರೆ" ಎಂದ ಕಬ್ಬಾಳ ಆಮೇಲೆ.

"ಹೋದ್ಸಲ ನೀನೇನು ಬರೆದೆ?"

"ಎಲ್ಲಾ 'ಇಲ್ಲ' ಅಂತ ಹಾಕ್ದೆ ಕಣವ್ವ. ಪಾಸಾಗ್ಬೇಕಲ್ಲ."

"ದಡ್ಡ ಕಣ್ಲಾ ನೀನು. ಪಾಸಾದೋರ್ನ ಅಲ್ಲೇ ಇಟ್ಕೋತಾರೆ, ಫೇಲಾದೋರ್ನ ಮನೆಗೆ ಕಳಿಸ್ತಾರೆ. ಸರಿಯಾಗಿ ಕೇಳ್ಕೊ. ನಿದ್ದೆ ಕೆಡ್ತದಾ ಅಂತಾರೆ. ಹೌದು, ಬರಲ್ಲ ಅನ್ನು."

"ಹೂಂ."

"ಊಟ ಸೇರಲ್ಲ ಅನ್ನು."

"ಹೂಂ."

"ಯಾವ್ದೂ ಇಷ್ಟ ಆಯ್ತಿಲ್ಲ ಅನ್ನು. ಸಿಟ್ಟು ಬತ್ತದೆ ಅನ್ನು. ನಾನು ಎಲ್ರಿಗೂ ಭಾರ ಅನ್ನಿಸ್ತದೆ ಅನ್ನು. ಅದೇನು ನಿಜವಾ, ಸುಮ್ಕೆ ಬರೆಯೋದು. ಸಂಕಟ ಆದ್ರೆ ಯಾರಿಗೆ ಹೇಳ್ತೀಯ ಅಂದ್ರೆ ನಮ್ಮವ್ವನಿಗೆ ಅಂತ ಬರಿ. ನೋಡಾನ, ಯಾರಿಗೆ ಎಷ್ಟು ರಜ ಕೊಡ್ತಾರೋ."

"ಹೂಂ" ಎಂದ ಅವನು. ಆಮೇಲೆ ಅವನೇ, "ಕೊನೇದಕ್ಕೆ ಏನನ್ಲವ್ವ?" ಎಂದ.

"ಥೂ, ಅದಕ್ಕೆ 'ಇಲ್ಲ' ಅನ್ನು. ಅದೊಂದನ್ನ ಸುಳ್ಳಿಗೂ ಬಾಯಲ್ಲಿ ಆಡ್ಬಾರ್ದು. ಬಿಡ್ತು ಅನ್ನೀಗ."

ಅವನು ಬಿಡ್ತು ಅನ್ನಲಿಲ್ಲ. "ಸರಿ ಇಡ್ಲಾ?" ಎಂದು ಫೋನ್ ಇಟ್ಟ.

ಮಗನಿಗೆ ಸುಳ್ಳು ಹೇಳಿಕೊಟ್ಟದ್ದು ಹನುಮಂತಮ್ಮನಿಗೆ ಚುಚ್ಚಿತು. ಕಬ್ಬಾಳಮ್ಮನ ಹೆಸರು ಹೊತ್ತವನ ಬಾಯಲ್ಲಿ ಸುಳ್ಳು ಆಡಿಸಿದರೆ ಆ ತಾಯಿ ಸುಮ್ಮನಿರುವವಳಲ್ಲ. ಅರಿಸಿನದಲ್ಲಿ ಅದ್ದಿದ ಬಟ್ಟೆಯ ತುಂಡಿನಲ್ಲಿ ಒಂದು ಗೋಟಡಿಕೆ ಇಟ್ಟು, "ತಪ್ಪು ನಂದು ಕಣವ್ವ, ಹುಡುಗಂದಲ್ಲ. ಬಂದಮೇಲೆ ಕಬ್ಬಾಳು ಬೆಟ್ಟದ ಬುಡಕ್ಕೆ ಕರ್ಕೊಂಡು ಬಂದು ಒಪ್ಪಿಸ್ತೀನಿ" ಎಂದು ಗಂಟು ಕಟ್ಟಿ ದೇವರ ಗೂಡಿನ ಮೊಳೆಗೆ ತೂಗುಹಾಕಿದಳು.

ಹುಳುಗಳು ಗೂಡು ಕಟ್ಟಿದವು. ಗೂಡುಗಳನ್ನು ಚಂದ್ರಿಕೆಯ ಬಿದಿರು ತಟ್ಟಿಯಿಂದ ಬಿಡಿಸಿಕೊಂಡು ಲಿಂಗಯ್ಯ ರಾಮನಗರದ ಮಾರ್ಕೆಟ್ಟಿಗೆ ಹೋಗಿ ಮಾರಿ ಬಂದ. ಹುಳುಮನೆ ತೊಳೆದು ಸುಣ್ಣ ಬಳಿದು ಹೊಸ ಬೆಳೆಯ ಹುಳು ತಂದದ್ದಾಯಿತು. ಆ ಹೊತ್ತಿಗೆ ಒಂದು ಮಧ್ಯಾಹ್ನ ಆಟೋ ಈ ಕಡೆಯ ಮನೆಯ ಮುಂದೆ ನಿಂತಿತು.

ಕಬ್ಬಾಳ ಇಳಿದ. ಹನುಮಂತಮ್ಮ ಕೈ ಒರೆಸಿಕೊಳ್ಳುತ್ತ ಓಡಿಬಂದವಳು, ಮಗನನ್ನು ಮುಟ್ಟುವ ಮೊದಲು ಒಂದು ಸಲ ಎದುರು ಮನೆಯ ಕಡೆ ನೋಡಿದಳು. ಮುನಿರತ್ನಮ್ಮ ಬಾಗಿಲಲ್ಲಿ ನಿಂತಿದ್ದಳು. ನೋಡಿದೆಯೇನೇ, ಅಂದಿತು ಹನುಮಂತಮ್ಮನ ಕಣ್ಣು. ಮುನಿರತ್ನಮ್ಮನ ಮುಖದಲ್ಲಿ ಅವಳು ಕಾದಿದ್ದ ಹೊಟ್ಟೆಕಿಚ್ಚು ಇರಲಿಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಎರಡು ದಿನ ಹಬ್ಬವೇ. ಮೂರನೆಯ ದಿನ ಹನುಮಂತಮ್ಮ ಗಮನಿಸಿದಳು. ಮಾಡಿದ ಬಾಡಿನ ಸಾರು ತಟ್ಟೆಯಲ್ಲೇ ಆರುತ್ತದೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಅವಳು ಎದ್ದರೂ ಅವನು ಎದ್ದು ಕೂತಿರುತ್ತಾನೆ. ಕೇಳಿದರೆ "ಏನಿಲ್ಲ ಕಣವ್ವ" ಅನ್ನುತ್ತಾನೆ. ಅವಳೊಡನೆ ಏನಿಲ್ಲ ಅಂದವನು ಬೋರಲಿಂಗನ ಜೊತೆ ಕೆರೆ ಏರಿಯಲ್ಲಿ ಗಂಟೆಗಟ್ಟಲೆ ಕೂರುತ್ತಾನೆ. ತಲೆ ಬಗ್ಗಿಸಿ ಏನೋ ಹೇಳುತ್ತಾನೆ, ಆ ಲೆಕ್ಕದಲ್ಲಿ ಫೇಲಾದವನು ಕೇಳುತ್ತಾನೆ. ಸೊಪ್ಪಿನ ಹೊರೆ ಹೊತ್ತು ಏರಿಯ ಮೇಲೆ ಹೋಗುವಾಗ ಅವಳು ಬೇಕೆಂದೇ ನಿಧಾನ ಮಾಡುತ್ತಿದ್ದಳು. ಅವಳು ಹತ್ತಿರ ಬಂದರೆ ಇಬ್ಬರೂ ಸುಮ್ಮನಾಗುತ್ತಿದ್ದರು. ಮೊದಲು ಆ ಮನೆಯ ತಾಯಿಯ ಮೇಲೆ ಉರಿದ ಹೊಟ್ಟೆ ಈಗ ಬೋರಲಿಂಗನ ಮೇಲೆ ಉರಿಯಿತು. ಹೆತ್ತವಳು ನಾನು, ಹರಕೆ ಹೊತ್ತವಳು ನಾನು, ಮಾತು ಅವನಿಗೆ.

"ಜ್ವರಕ್ಕೆ ಕೂತವ್ನೆ ಬುಡು" ಎಂದ ಲಿಂಗಯ್ಯ. "ತಾನಾಗೇ ಏಳ್ತಾನೆ. ಅಲ್ಲೀಗಂಟ ಅಲ್ಲಾಡಿಸ್ಬೇಡ."

"ಜ್ವರಾನೋ ರೋಗಾನೋ ಯಾರಿಗೊತ್ತು?" ಎಂದುಬಿಟ್ಟಳು ಹನುಮಂತಮ್ಮ. ಬಾಯಿಂದ ಬಂದ ಮಾತಿಗೆ ಅವಳೇ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಆವತ್ತೇ ಸಂಜೆಗೆ ಮುಂಚೆ ಅವಳು ಗೂಡಿನ ಮೊಳೆಯಿಂದ ಗಂಟು ತೆಗೆದು ಮಡಿಲಲ್ಲಿಟ್ಟುಕೊಂಡು ಹುಳುಮನೆಗೆ ಬಂದಳು. ಕಬ್ಬಾಳ ಒಳಗೆ ತಟ್ಟೆಯ ಕಸ ತೆಗೆಯುತ್ತಿದ್ದ. ಆ ಕೆಲಸ ಮಾತ್ರ ಅವನು ಹೇಳಿಸಿಕೊಳ್ಳದೆ ಮಾಡುತ್ತಿದ್ದ.

"ಶುಕ್ರವಾರ ಕಬ್ಬಾಳಿಗೆ ಹೋಗಾನ ಕಣ್ಲಾ. ನಿನ್ ಕೈಲಿ ಸುಳ್ಳು ಬರೆಸಿದ್ದಕ್ಕೆ ತಪ್ಪು ಕಟ್ಟಿವ್ನಿ. ಒಪ್ಪಿಸ್ಬುಟ್ಟು ಬರಾನ."

ಅವನು ಗಂಟನ್ನು ನೋಡಿದ. ನಗಲು ಹೋದ, ಆಗಲಿಲ್ಲ.

"ಅದನ್ನ ಬಿಚ್ಚಾಕ್ಬುಡವ್ವ. ನಾನು ಸುಳ್ಳು ಬರೀಲಿಲ್ಲ."

"ಅಂದ್ರೆ?"

"ನೀನು ಹೇಳ್ಕೊಟ್ಯಲ್ಲ, ನಿದ್ದೆ ಬರಲ್ಲ, ಊಟ ಸೇರಲ್ಲ. ನಾನು ಫೋನ್ ಹಿಡ್ಕೊಂಡು, ಅವ್ವನಿಗೆ ಹೆಂಗೆ ಗೊತ್ತಾಯ್ತು ಅಂತ ನಿಂತ್ಬುಟ್ಟಿದ್ದೆ. ಎಲ್ಲಾ ನಿಜವೇ. ಸುಳ್ಳು ಅಂದ್ರೆ ಹೋದ್ಸಲ ಬರೆದ್ನಲ್ಲ, ಅದು."

ಸೊಪ್ಪಿನ ಬುಟ್ಟಿಯ ಅಂಚು ಹಿಡಿದು ಹನುಮಂತಮ್ಮ ಕೂತಳು. ಹುಳುಗಳು ಎಲೆ ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು.

"ನನ್ ಪಕ್ಕದ ಮಂಚದೋನೊಬ್ಬ ಇದ್ದ ಕಣವ್ವ, ಒರಿಸ್ಸಾದೋನು. ಒಳ್ಳೆ ತಮಾಷೆ ಮನುಷ್ಯ. ಅವನೂ ಎಲ್ಲಾ 'ಇಲ್ಲ' ಅಂತಾನೇ ಹಾಕಿದ್ದ. ಫುಲ್ ಪಾಸು. ಹನ್ನೆರಡು ದಿನಕ್ಕೆ ಹೋಗ್ಬುಟ್ಟ. ತಾನಾಗೇ." ಅವನು ಕೈಯಲ್ಲಿದ್ದ ಒಣಗಿದ ಎಲೆಯನ್ನು ಪುಡಿ ಮಾಡುತ್ತ ಹೇಳಿದ. "ಬೋರಲಿಂಗ ಆವತ್ತೇ ಹೋಗಿ ಡಾಕ್ಟ್ರ ಹತ್ರ ಇನ್ನೊಂದು ಕಾಗ್ದ ಇಸ್ಕೊಂಡು ನಿಜ ಬರೆದ. ನನ್ ಕೈಲಿ ಆಗ್ಲಿಲ್ಲ. ಹೇಳಿದ್ರೆ ಬಂದೂಕು ಕಿತ್ಕೋತಾರೆ, ಅಡುಗೆ ಮನೆಗೆ ಹಾಕ್ತಾರೆ, ಹುಚ್ಚ ಅಂತಾರೆ ಅಂತ. ಈ ಸಲ ನಿಜ ಬರೆದ್ಮೇಲೆ ಕಿತ್ಕೊಂಡ್ರು, ಅಡುಗೆ ಮನೆಗೂ ಹಾಕಿದ್ರು. ಆಮೇಲೆ ಡಾಕ್ಟ್ರು ಕೂರಿಸ್ಕೊಂಡು ಮಾತಾಡಿ, ಕಾಗದ ಬರ್ಕೊಟ್ಟು ಕಳಿಸವ್ರೆ. ಹದಿನೈದು ದಿನಕ್ಕೊಂದ್ಸಲ ಬೆಂಗ್ಳೂರು ಆಸ್ಪತ್ರೆಗೆ ಹೋಗ್ಬೇಕು. ಒಬ್ಬನೇ ಇರ್ಬಾರ್ದು ಅಂದವ್ರೆ."

ಹನುಮಂತಮ್ಮ ಬುಟ್ಟಿಯ ಅಂಚು ಬಿಟ್ಟು ಮಗನ ಕಡೆ ತಿರುಗಿದಳು. "ಕೊನೇದಕ್ಕೆ..." ಎಂದಳು.

"ಅದೊಂದ್ರಲ್ಲಿ ನಿನ್ ಮಾತು ಕೇಳ್ಲಿಲ್ಲ."

ಅವಳು ಬಿಡ್ತು ಅನ್ನಲಿಲ್ಲ. ಆ ಮಾತು ಬಾಯಿಯವರೆಗೂ ಬಂದಿತ್ತು. ಅದನ್ನು ಅಂದರೆ ಅವನು ಮತ್ತೆ ಬಾಯಿ ಮುಚ್ಚುತ್ತಾನೆ ಎಂದು ಅವಳಿಗೆ ಹೇಗೋ ತಿಳಿಯಿತು. ಸೆರಗು ಹಲ್ಲಲ್ಲಿ ಕಚ್ಚಿ ಅವನ ಮೊಣಕಾಲ ಮೇಲೆ ಕೈ ಇಟ್ಟಳು. ಕೇಳಬಾರದೆಂದುಕೊಂಡದ್ದೇ ಬಾಯಿಗೆ ಬಂತು.

"ಯಾರಿಗೆ ಹೇಳ್ತೀಯ ಅಂತ ಇತ್ತಲ್ಲ, ಅದಕ್ಕೆ ಯಾರ ಹೆಸರು ಬರೆದೆ?"

ಕಬ್ಬಾಳ ತಡವರಿಸಿದ. "ಬೋರಲಿಂಗ ಅಂತ."

ಅಷ್ಟರಲ್ಲೂ ಅವಳ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ತನ್ನನ್ನೇ ತಾನು ಹೊಡೆದುಕೊಳ್ಳಬೇಕೆನಿಸಿತು.

"ನಿಂಗೆ ಹೇಳಿದ್ರೆ ನೀನು ಬದುಕ್ತೀಯೇನವ್ವ?" ಎಂದ ಅವನು ಮೆಲ್ಲಗೆ.

"ಬದುಕ್ತೀನಿ ಕಣ್ಲಾ. ಇಗೋ, ಹೇಳಿದ್ಯಲ್ಲ, ಕೂತಿಲ್ವಾ?"

ಕಣ್ಣು ಒರೆಸಿಕೊಂಡು, ಲಿಂಗಯ್ಯನನ್ನು ಮಗನ ಹತ್ತಿರ ಕಳಿಸಿ, ಅವಳು ನೇರ ಎದುರು ಮನೆಗೆ ಹೋದಳು. ಮುನಿರತ್ನಮ್ಮ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಹನುಮಂತಮ್ಮನ ಮುಖ ನೋಡಿದವಳೇ ಪಾತ್ರೆ ಬಿಟ್ಟು ಎದ್ದಳು.

"ಗೊತ್ತಾಯ್ತಾ ಅಕ್ಕ?"

"ಮೆಚ್ಚಿ ರಜ ಕೊಟ್ರು ಅಂದ್ಯಲ್ಲೇ!"

"ಇನ್ನೇನು ಹೇಳ್ಲಿ? ದೊಡ್ಡಲಕ್ಷ್ಮಮ್ಮನ ಕಿವಿಗೆ ಬಿದ್ರೆ ಹುಡುಗನಿಗೆ ಹೆಣ್ಣು ಕೊಡೋರುಂಟಾ? ಆ ಕಜ್ಜಾಯದ ಪಾಕ ಎತ್ತುವಾಗ್ಲೂ ನಾನು ಅಳ್ತಿದ್ದೆ ಕಣಕ್ಕ. ನೀನು ಉರ್ಕೊಂಡು ನೋಡ್ತಿದ್ದೆ ನನ್ನ. ಹಂಗೆ ನೋಡ್ಲಿ, ಅಂದ್ಕೊಂಡೆ. ಯಾರಾದ್ರೂ ಒಬ್ರು ನಂಗೆ ಸುಖ ಐತೆ ಅಂತ ನಂಬವ್ರಲ್ಲ ಅಂತ."

ಹನುಮಂತಮ್ಮ ಅವಳ ಬೂದಿ ಮೆತ್ತಿದ ಕೈ ಹಿಡಿದುಕೊಂಡಳು. ಮಾತಿನ ನಡುವೆ ಮುನಿರತ್ನಮ್ಮ ಕತ್ತು ತಿರುಗಿಸಿ "ಬೋರಲಿಂಗಾ..." ಎಂದು ಕೂಗಿದಳು. ದನದ ಕೊಟ್ಟಿಗೆಯಿಂದ "ಓ" ಬಂತು. ಅವಳ ಭುಜ ಒಂದು ಬೆರಳಿನಷ್ಟು ಕೆಳಗಿಳಿಯಿತು.

ಆ ಭುಜ ಇಳಿದದ್ದನ್ನು ನೋಡಿದಾಗ ಹನುಮಂತಮ್ಮನಿಗೆ ಅರ್ಥವಾಯಿತು, ಅರ್ಧ ಗಂಟೆಗೊಮ್ಮೆ ಆ ಕೂಗು ಏತಕ್ಕೆಂದು.

"ಕೇಳ್ಬೇಕು ಅಂದವ್ರೆ ಡಾಕ್ಟ್ರು" ಎಂದಳು ಮುನಿರತ್ನಮ್ಮ. "ಆ ಏಳನೇದನ್ನೂ ಬಾಯಿಬಿಟ್ಟು ಕೇಳ್ಬೇಕಂತೆ. ಕೇಳಿದ್ರೆ ಇಲ್ಲದ್ದು ಹುಟ್ಕೊಳಲ್ವಂತೆ. ಮೊದ್ಲ ದಿನ ನನ್ ಬಾಯಿ ತಿರುಗ್ಲಿಲ್ಲ. ಈಗ ಮುದ್ದೆ ಬಡಿಸ್ತಾ ಕೇಳ್ತೀನಿ."

ಶುಕ್ರವಾರ ಹನುಮಂತಮ್ಮ ಮಗನನ್ನೂ ಬೋರಲಿಂಗನನ್ನೂ ಕರೆದುಕೊಂಡು ಬಸ್ಸಿನಲ್ಲಿ ಕಬ್ಬಾಳಿಗೆ ಹೋದಳು. ಬಸ್ಸಿನಲ್ಲಿ ಹುಡುಗರಿಬ್ಬರೂ ಒಂದೇ ಸೀಟಿನಲ್ಲಿ ಕೂತರು. ಅವಳು ಹಿಂದಿನ ಸೀಟಿನಲ್ಲಿ ಕೂತು ಎರಡು ತಲೆಗಳನ್ನು ನೋಡುತ್ತ ಹೋದಳು. ಅಸೂಯೆ ಹೋಗಿರಲಿಲ್ಲ, ಅವಳ ಜೊತೆಗೇ ಟಿಕೆಟ್ ತೆಗೆದುಕೊಂಡು ಕೂತಿತ್ತು. ಗುಡಿಯಲ್ಲಿ ಅವಳು ಗಂಟು ಬಿಚ್ಚಲಿಲ್ಲ, ಕಟ್ಟಿದಂತೆಯೇ ಒಪ್ಪಿಸಿದಳು. ಹುಡುಗ ಸುಳ್ಳು ಬರೆಯದಿದ್ದರೇನು, ತಪ್ಪಂತೂ ಆಗಿದೆಯಲ್ಲ. ಹುಳುವಿನ ಬಣ್ಣ ಕೆಟ್ಟದ್ದು ಕಂಡ ಕಣ್ಣಿಗೆ ಮಗನ ಸಂಕಟ ಕಾಣದೆ ಬರೀ ಎದುರು ಮನೆ ಕಂಡದ್ದಕ್ಕೆ ಇರಲಿ ಆ ಗಂಟು ಎಂದುಕೊಂಡಳು.

ಊರಿಗೆ ಬಂದಮೇಲೆ ದಿನಾ ಸಾಯಂಕಾಲ, ಹುಳುವಿಗೆ ಕೊನೆಯ ಸೊಪ್ಪು ಹಾಕುವಾಗ ಅವಳು ಕೇಳತೊಡಗಿದಳು. ಕ್ಯಾಲೆಂಡರಿನ ಹಿಂದೆ ಬರೆದದ್ದು ನೋಡಬೇಕಾಗಿಯೇ ಇರಲಿಲ್ಲ, ಬಾಯಿಪಾಠವಾಗಿತ್ತು. ನಿದ್ದೆ? ಊಟ? ಏಳನೆಯದಕ್ಕೆ ಬಂದಾಗ ಮಾತ್ರ ಅವಳ ಕೈ ಸೊಪ್ಪಿನಲ್ಲಿ ನಿಲ್ಲುತ್ತಿತ್ತು. ಕೆಲವು ದಿನ ಅವನು "ಮಧ್ಯಾಹ್ನ ಒಸಿ ಬಂದಿತ್ತು ಕಣವ್ವ, ಹೋಯ್ತು" ಎನ್ನುತ್ತಿದ್ದ. ಇನ್ನು ಕೆಲವು ದಿನ "ಇವತ್ತಿಲ್ಲ" ಎನ್ನುತ್ತಿದ್ದ. ಇವತ್ತಿಲ್ಲ ಅಂದ ದಿನ ಅವಳು ಇನ್ನೊಂದು ಹಿಡಿ ಸೊಪ್ಪು ಜಾಸ್ತಿ ಹಾಕುತ್ತಿದ್ದಳು.

ಒಂದು ಬೆಳಿಗ್ಗೆ ಅವನು ತೋಟಕ್ಕೆ ಸೊಪ್ಪು ತರಲು ಹೋದ. ಹೋಗಿ ಎಷ್ಟೋ ಹೊತ್ತಾಯಿತು ಎನಿಸಿತು. ಹನುಮಂತಮ್ಮ ಹುಳುಮನೆಯ ಹೊಸಲಿಗೆ ಬಂದು ನಿಂತು, ಗಂಟಲು ಕಿತ್ತುಹೋಗುವಂತೆ ಕೂಗಿದಳು. "ಕಬ್ಬಾಳಾ... ಲೋ ಕಬ್ಬಾಳಾ..."

ಪಕ್ಕದ ಜಗಲಿಯಿಂದ ದೊಡ್ಡಲಕ್ಷ್ಮಮ್ಮ ಮೊರ ಕುಟ್ಟಿದಳು. "ಏನೇ ಅದು, ದಿನಾ ನಿಂದೊಂದು! ಮಗ ಬಂದವ್ನೆ ಅಂತ ಊರಿಗೆಲ್ಲ ಸಾರ್ಬೇಕಾ? ನಮಗೂ ಮಕ್ಕಳವ್ರೆ ಕಣೆ. ಒಬ್ಬ ಮಾಗಡಿಯಿಂದ ತಿರುಗಿ ನೋಡಲ್ಲ, ಇನ್ನೊಬ್ಬ ಕನಕಪುರದಲ್ಲಿದ್ದೂ ಬರಲ್ಲ."

ಆ ದನಿಯಲ್ಲಿದ್ದ ಉರಿ ಹನುಮಂತಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ ಸಿಟ್ಟು ಬರಲಿಲ್ಲ. ಆಮೇಲೆ ಹೋಗಿ ಅವಳ ಪಕ್ಕ ಒಸಿ ಹೊತ್ತು ಕೂರಬೇಕು ಅಂದುಕೊಂಡಳು. ಈಗ ಮಾತ್ರ ಕಿವಿಯೆಲ್ಲ ತೋಟದ ಕಡೆಗೇ ಇತ್ತು. ಇನ್ನೊಂದು ಸಲ ಕೂಗಿದಳು.

"ಓ..." ಎಂದು ಬಂತು ಹಿಪ್ಪುನೇರಳೆ ಸಾಲಿನ ಆಚೆಯಿಂದ. "ಬಂದೆ ಕಣವ್ವೋ! ಊರೆಲ್ಲ ಎಬ್ಬಿಸ್ಬೇಡ, ಸೊಪ್ಪು ಹೊರೆ ಕಟ್ತಾವ್ನಿ!"

ಅವಳ ಭುಜ ಒಂದು ಬೆರಳಿನಷ್ಟು ಕೆಳಗಿಳಿಯಿತು.